ಬೋರ್ಡು ಊರಿನದು, ಬೀಗದ ಕೈ ಯಾರದು?

ಊರಿನ ಹೆಸರಿನ ಬೋರ್ಡು ತೂಗುಹಾಕಿದ ಮಾತ್ರಕ್ಕೆ ಉದ್ದಿಮೆ ಊರಿನದಾಗುವುದಿಲ್ಲ. ಇಂಡೋನೇಷಿಯಾದ ಅನುಭವ ಇದನ್ನೇ ಸಾರುತ್ತಿದೆ. ಅಲ್ಲಿ ಹಳ್ಳಿಗಳು ಸ್ವಂತ ಉದ್ದಿಮೆ ನಡೆಸುವ ಹಕ್ಕನ್ನು 2014ರ ಗ್ರಾಮ ಕಾನೂನು ಗಟ್ಟಿಮಾಡಿತು. 2015ರಿಂದ ಸರ್ಕಾರದ ಗ್ರಾಮನಿಧಿಯೂ ಹರಿದುಬಂತು. ಸಾವಿರಾರು ಉದ್ದಿಮೆಗಳು ಹುಟ್ಟಿದವು. ಆದರೆ 2019ರಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿದೊದೊ ಅವರೇ ಒಪ್ಪಿಕೊಂಡ ಲೆಕ್ಕ ನೋಡಿರಿ: 2,188 ಉದ್ದಿಮೆಗಳು ಕೆಲಸವಿಲ್ಲದೆ ನಿಂತಿದ್ದವು, ಮತ್ತೆ 1,670 ನಡೆಯುತ್ತಿದ್ದರೂ ಹಳ್ಳಿಯ ಬೊಕ್ಕಸಕ್ಕೆ ಏನನ್ನೂ ತಂದಿರಲಿಲ್ಲ.

ಹಳ್ಳಿಗರಿಗೆ ವ್ಯವಹಾರ ತಿಳಿಯದು, ಎಲ್ಲವನ್ನೂ ಖಾಸಗಿಯವರಿಗೆ ಬಿಡಿ ಎಂದು ಧನಿಕರ ವಕೀಲರು ಕೂಗಬಹುದು. ನಾವು ಒಪ್ಪೆವು. ಮಧ್ಯ ಜಾವಾದ ಪೊಂಗ್ಗೊಕ್ ಹಳ್ಳಿ 2009ರಲ್ಲಿ ಉದ್ದಿಮೆ ಕಟ್ಟಿ, ತನ್ನ ಊರ ಚಿಲುಮೆಯ ಕೊಳಕ್ಕೇ ಪ್ರವಾಸಿಗಳನ್ನು ಕರೆತಂದು ಲಾಭ ಗಳಿಸಿ ತೋರಿಸಿದೆ.

ರೋಗ ಬೇರೆಡೆ ಇದೆ. ಊರಿಗೆ ಬೇಕಾದುದೇನೆಂದು ಕೇಳದೆ, ಮೇಲಿನಿಂದ ಹಣ ಬಂತೆಂದು ಆತುರದಲ್ಲಿ ಕಟ್ಟಿದ್ದು ಬಾಳದು. ಕಾನೂನಿನಂತೆ ಗ್ರಾಮದ ಮುಖ್ಯಸ್ಥನೇ ಉದ್ದಿಮೆಯ ಸಲಹೆಗಾರ. ವ್ಯವಸ್ಥಾಪಕನೂ ಅವನ ನೆಂಟನಾದರೆ ಲೆಕ್ಕ ಕೇಳುವವರಾರು? ಬಡ ಅಂಗಡಿಕಾರನ ಎದುರಿಗೇ ಊರಿನ ಹಣದಿಂದ ಇನ್ನೊಂದು ಅಂಗಡಿ ತೆರೆದರೆ ಅದು ಅಭಿವೃದ್ಧಿಯೇ?

ಗಿರಣಿ ಕಾರ್ಮಿಕರೇ, ಸಣ್ಣ ವ್ಯಾಪಾರಿಗಳೇ, ನಮ್ಮ ಸಹಕಾರ ಸಂಘಗಳಲ್ಲೂ ಕೇಳಬೇಕಾದ ಪ್ರಶ್ನೆ ಇದೇ. ಸಮಾಜದ ಒಡೆತನವೆಂದರೆ ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿದ ಲೆಕ್ಕ, ತಪ್ಪಿದವನನ್ನು ಇಳಿಸುವ ಅಧಿಕಾರ. ಇವೆರಡೂ ಇಲ್ಲದ ಕಡೆ ಉದ್ದಿಮೆ ಊರಿನದಲ್ಲ, ಮುಖಂಡನದು. ನಷ್ಟ ಮಾತ್ರ ಊರಿನದು!