ಸೂಜಿಯೋ, ಕೇಳುವ ಕಿವಿಯೋ?

ಖಿನ್ನತೆಗೆ ಆಕ್ಯುಪಂಕ್ಚರ್ ನಾಟುತ್ತದೆ ಎನ್ನುವವರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ 2013ರ ಅಧ್ಯಯನವನ್ನು ಮುಂದಿಡುತ್ತಾರೆ. 755 ರೋಗಿಗಳಲ್ಲಿ ಕೆಲವರಿಗೆ ಎಂದಿನ ಚಿಕಿತ್ಸೆ ಮಾತ್ರ. ಕೆಲವರಿಗೆ ಅದರ ಜೊತೆ ವಾರಕ್ಕೊಮ್ಮೆ, ಹೆಚ್ಚೆಂದರೆ 12 ಸಲ, ಸೂಜಿ. ಉಳಿದವರಿಗೆ ಸೂಜಿಯ ಬದಲು ಆಪ್ತಸಮಾಲೋಚನೆ. ಮೂರು ತಿಂಗಳಿಗೆ ಸೂಜಿಯವರ ಖಿನ್ನತೆ ಇಳಿದಿತ್ತು, ನಿಜ. ಮಾತಾಡಿದವರದ್ದೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು.

ಅಲ್ಲಿ ಹುಸಿ ಸೂಜಿಯ ಗುಂಪು ಇರಲಿಲ್ಲ. ಅಂಥ ಹೋಲಿಕೆಗಳೂ ಸೇರಿದ 64 ಅಧ್ಯಯನಗಳನ್ನು 2018ರ ಕಾಕ್ರೇನ್ ವಿಮರ್ಶೆ ತೂಗಿ ನೋಡಿತು: ಹುಸಿ ಸೂಜಿಗಿಂತ ನಿಜ ಸೂಜಿಯ ಲಾಭ ಸಣ್ಣದು, ಪುರಾವೆಯೂ ದುರ್ಬಲ.

ಹಾಗಾದರೆ ಹಿತ ಕೊಟ್ಟದ್ದು ಯಾವುದು? ವಾರಕ್ಕೊಮ್ಮೆ ಯಾರೋ ಅವಸರವಿಲ್ಲದೆ ‘ಹೇಗಿದ್ದೀರಿ’ ಎಂದು ಕೇಳಿದ್ದೇ ಬಹುಪಾಲು ಎಂದು ನನ್ನ ಅನಿಸಿಕೆ. ನಮ್ಮ ಆಸ್ಪತ್ರೆಗಳ ನೂಕುನುಗ್ಗಲಿನಲ್ಲಿ ಸಿಗದಿರುವುದೂ ಅದೇ. ಮುಂಬಯಿ, ದೆಹಲಿಯ ಕನ್ನಡಿಗರಿಗಂತೂ ಬೇಸರ ಬೇರೆ, ಸಂಕಟ ಬೇರೆ, ತಳಮಳ ಬೇರೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳುವುದು ಸುಲಭವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಇದೆ.

ಸೂಜಿ ಹಿತವೆನಿಸಿದರೆ ಚುಚ್ಚಿಸಿಕೊಳ್ಳಿ, ತಕರಾರಿಲ್ಲ. ಅದನ್ನು ನಂಬಿ, ವೈದ್ಯರನ್ನು ಕೇಳದೆ ಮಾತ್ರೆ ಮಾತ್ರ ಬಿಡಬೇಡಿ. ಬದುಕು ಬೇಡವೆನಿಸಿದ ದಿನ ಮುಂದಿನ ವಾರದ ಸೂಜಿಗೆ ಕಾಯಬೇಡಿ.