ಹಂಚಿಹೋದ ಗ್ರಂಥಭಂಡಾರ

ಗ್ರಂಥಗಳ ನಡುವೆಯೇ ಆಯುಷ್ಯ ಕಳೆದವನಿಗೆ, ಒಂದು ಗ್ರಂಥಭಂಡಾರವನ್ನು ಸಮ ಸಂಖ್ಯೆ, ಬೆಸ ಸಂಖ್ಯೆಗಳ ಲೆಕ್ಕದಲ್ಲಿ ಇಬ್ಭಾಗ ಮಾಡಿದರೆಂಬ ವಾರ್ತೆಯು ಮನೆ ಒಡೆದ ಸುದ್ದಿಯಷ್ಟೇ ನೋವು ತರುತ್ತದೆ. ಯುರೋಪಿನ ಬೆಲ್ಜಿಯಂ ದೇಶದ ಲೂವೆನ್ ನಗರದಲ್ಲಿ ಹಾಗೆಯೇ ನಡೆಯಿತು. 1425ರಲ್ಲಿ ಸ್ಥಾಪನೆಗೊಂಡ ಅಲ್ಲಿನ ವಿದ್ಯಾಪೀಠವು ಕ್ಯಾಥೊಲಿಕರದು. ಮತ ಒಂದೇ, ಪ್ರಾರ್ಥನಾಮಂದಿರ ಒಂದೇ, ಒಡೆದದ್ದು ಭಾಷೆಯಿಂದ.

ಇದು ಒಂದು ದಿನದಲ್ಲಿ ಆದುದಲ್ಲ. ಬೆಲ್ಜಿಯಂ 1830ರಲ್ಲಿ ಸ್ವತಂತ್ರವಾದಾಗ ಡಚ್ ನುಡಿಯವರೇ ಬಹುಸಂಖ್ಯಾತರಾಗಿದ್ದರು. ಆದರೆ ಆಡಳಿತ, ನ್ಯಾಯಾಲಯ, ಉನ್ನತ ವಿದ್ಯೆಗಳೆಲ್ಲ ಫ್ರೆಂಚ್ ಭಾಷೆಯ ವಶದಲ್ಲಿದ್ದವು. ಗೆಂಟ್ ನಗರದ ವಿಶ್ವವಿದ್ಯಾಲಯದಲ್ಲಿ ಡಚ್ ಭಾಷೆಯು ಬೋಧನಾ ಮಾಧ್ಯಮವಾದದ್ದು 1930ರಲ್ಲಿ, ಅಂದರೆ ನೂರು ವರ್ಷಗಳ ಮೇಲೆ. ಅಷ್ಟು ಕಾಲ ಕೂಡಿಟ್ಟ ಅಪಮಾನವು ಸುಮ್ಮನಿದ್ದೀತೆ? 1968ರಲ್ಲಿ ಲೂವೆನ್ ವಿವಾದದಿಂದ ಸರ್ಕಾರವೇ ಉರುಳಿತು. ಫ್ರೆಂಚ್ ವಿಭಾಗವು ಬೇರೆಡೆ ಹೊಸ ಊರನ್ನೇ ಕಟ್ಟಿಕೊಂಡು ಹೊರಟಿತು. ಪುಸ್ತಕಗಳು ಹಂಚಿಹೋದವು.

ಆ ಬಳಿಕ ಅವರು ಕಂಡುಕೊಂಡ ದಾರಿ ಗಮನಾರ್ಹವಾದುದು. 1970ರ ಸಂವಿಧಾನ ತಿದ್ದುಪಡಿಯಂತೆ, ಕೇಂದ್ರ ಮಂತ್ರಿಮಂಡಲದಲ್ಲಿ ಪ್ರಧಾನಿಯನ್ನುಳಿದು ಎರಡೂ ಭಾಷೆಯವರ ಸಂಖ್ಯೆ ಸಮನಾಗಿರಬೇಕು. ಬಹುಸಂಖ್ಯಾತರು ತಮ್ಮ ತಲೆಯೆಣಿಕೆಯ ಬಲವನ್ನು ತಾವಾಗಿ ಬಿಟ್ಟುಕೊಟ್ಟರು. ಮುಂದೆ ಶಿಕ್ಷಣವು ಆಯಾ ಭಾಷಾ ಸಮುದಾಯದ ಅಧಿಕಾರಕ್ಕೆ ಬಂದಿತು; ಪೂರ್ವದ ಅಂಚಿನ ಅಲ್ಪಸಂಖ್ಯಾತ ಜರ್ಮನ್ ನುಡಿಯವರೂ ತಮ್ಮ ಶಾಲೆಗಳಿಗೆ ತಾವೇ ಒಡೆಯರಾದರು. ರಾಜಧಾನಿ ಬ್ರಸೆಲ್ಸ್‌ನಲ್ಲಿ ಎರಡು ಭಾಷೆಗಳಿಗೂ ಸಮಾನ ಸ್ಥಾನ. ಕಲಹ ಪೂರ್ತಿ ಅಡಗಿಲ್ಲ, ಸರ್ಕಾರ ರಚನೆಗೆ ತಿಂಗಳುಗಟ್ಟಲೆ ಹಿಡಿಯುವುದೂ ಉಂಟು. ಆದರೆ ವಾದವು ಸಭೆಯೊಳಗಿದೆ, ಬೀದಿಯ ಕಾಳಗವಾಗಿಲ್ಲ.

ನಮಗೂ ಇದರಲ್ಲಿ ಪಾಠವಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆ ದೊರಕಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿಯು 1956ರಲ್ಲಿ ನಮ್ಮ ಸಂವಿಧಾನವನ್ನು ಸೇರಿತು. ಕಾಸರಗೋಡು, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗಾಗಿ ನಾವು ದನಿಯೆತ್ತುವುದು ಈ ನ್ಯಾಯದ ಬಲದಿಂದಲೇ. ಹಾಗಿದ್ದಮೇಲೆ ಬೆಳಗಾವಿಯ ಮರಾಠಿ ಮಗುವಿಗೆ, ಕೋಲಾರದ ತೆಲುಗು ಮಗುವಿಗೆ, ಕಲಬುರಗಿಯ ಉರ್ದು ಮಗುವಿಗೆ ಅದೇ ನ್ಯಾಯ ಸಲ್ಲಬೇಡವೇ? ಆ ಮಕ್ಕಳು ನೆಲದ ನುಡಿಯಾದ ಕನ್ನಡವನ್ನೂ ಪ್ರೀತಿಯಿಂದ ಕಲಿಯಲಿ. ಕಲಿಸುವ ಹೊಣೆ ನಮ್ಮದು. ಆದರೆ ಆ ಪ್ರೀತಿ ಹುಟ್ಟಬೇಕಾದರೆ ತಾಯ್ನುಡಿಗೆ ಮೊದಲು ಮನ್ನಣೆ ದೊರೆತಿರಬೇಕು.

ಪರರ ಪಾಲನ್ನು ಸಕಾಲದಲ್ಲಿ ಕೊಟ್ಟವರು ಕೂಡಿ ಬಾಳುತ್ತಾರೆ. ತಡಮಾಡಿದವರು ಕಡೆಗೆ ಪುಸ್ತಕಗಳನ್ನೂ ಎಣಿಸಿ ಹಂಚಿಕೊಳ್ಳಬೇಕಾಗುತ್ತದೆ.