ನೆಲವನ್ನು ಓದುವವರು ನಮ್ಮಲ್ಲೆಷ್ಟು ಮಂದಿ?

ಧಾರವಾಡ ಎಂದೊಡನೆ ನಮಗೆ ಪೇಡೆ, ಸಂಗೀತ, ಸಾಹಿತ್ಯ ಮತ್ತು ವಿಶ್ವವಿದ್ಯಾಲಯ ನೆನಪಾಗುತ್ತವೆ. ಆದರೆ ಜಗತ್ತಿನ ಭೂವಿಜ್ಞಾನಿಗಳಿಗೆ ಈ ಹೆಸರು ಬೇರೆಯೇ ಕಾರಣಕ್ಕೆ ಪರಿಚಿತವಾಗಿದೆ. 1880ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲೆಗಳ ಒಂದು ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಆ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು. ಹಟ್ಟಿಯ ಚಿನ್ನ, ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್, ಗದುಗಿನ ಕಪ್ಪತಗುಡ್ಡದ ಚಿನ್ನದ ಎಳೆಗಳು ಇಂತಹ ಪ್ರಾಚೀನ ಶಿಲಾಪಟ್ಟಿಗಳ ಒಡಲಲ್ಲೇ ಇವೆ. ಧಾರವಾಡದಿಂದ ಅಳ್ನಾವರದತ್ತ ಸಾಗುವ ಹಾದಿಯ ನೆಲವೂ ಅದೇ ವರ್ಗಕ್ಕೆ ಸೇರಿದ್ದು. ನಮ್ಮ ಕಾಲಡಿಯ ನೆಲದ ಹೆಸರನ್ನು ಜಗತ್ತಿನ ಪಠ್ಯಪುಸ್ತಕಗಳು ಹೇಳುತ್ತಿರುವಾಗ, ಆ ನೆಲವನ್ನು ಓದಬಲ್ಲವರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಯನ್ನು ನಾವು ಇದುವರೆಗೆ ಕೇಳಿಕೊಂಡೇ ಇಲ್ಲ.

ಅಳ್ನಾವರ ರೈಲ್ವೆ ಜಂಕ್ಷನ್ ಊರು. ಬಳ್ಳಾರಿ-ಹೊಸಪೇಟೆ ಭಾಗದ ಕಬ್ಬಿಣದ ಅದಿರು ಗೋವೆಯ ಮೊರ್ಮುಗಾವ್ ಬಂದರಿಗೆ ಹೋಗುತ್ತಿದ್ದುದು ಈ ಹಳಿಗಳ ಮೇಲೆಯೇ. ಅದೇ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ವಿದೇಶಿ ಕಲ್ಲಿದ್ದಲು ಬರುವುದೂ ಇದೇ ಹಳಿಗಳ ಮೇಲೆ. ಈ ಸಾಗಾಟದಲ್ಲಿ ನಮ್ಮ ಸಮುದಾಯಕ್ಕೆ ಪಾಲಿಲ್ಲವೆಂದಲ್ಲ. ಲಾರಿ ಓಡಿಸುವವರು, ಗ್ಯಾರೇಜಿನಲ್ಲಿ ದುಡಿಯುವವರು, ಕಲ್ಲುಕ್ವಾರಿಯಲ್ಲಿ ಕುಳಿ ಕೊರೆಯುವವರು, ಕೊಳವೆಬಾವಿ ಯಂತ್ರದೊಂದಿಗೆ ಊರೂರು ಅಲೆಯುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಶ್ರಮವೆಲ್ಲ ನಮ್ಮದು, ಧೂಳೆಲ್ಲ ನಮ್ಮದು. ಆದರೆ ಎಲ್ಲಿ ಅಗೆಯಬೇಕು, ಎಷ್ಟು ಅಗೆಯಬೇಕು, ಎಲ್ಲಿ ಅಗೆಯಲೇಬಾರದು ಎಂಬುದನ್ನು ನಿರ್ಧರಿಸುವ ಮೇಜಿನ ಬಳಿ ನಮ್ಮವರು ಕಾಣಸಿಗುವುದು ಅಪರೂಪ. ಆ ಮೇಜಿಗೆ ಹೋಗುವ ದಾರಿ ಖನಿಜಾನ್ವೇಷಣೆ ಮತ್ತು ಗಣಿಗಾರಿಕೆಯ ಭೂವಿಜ್ಞಾನದಲ್ಲಿ ಪಡೆಯುವ ಸ್ನಾತಕೋತ್ತರ ಪದವಿಯ ಮೂಲಕ ಹಾದುಹೋಗುತ್ತದೆ.

ಈ ವ್ಯಾಸಂಗವೆಂದರೇನು? ಉಪಗ್ರಹ ಚಿತ್ರ ಮತ್ತು ಭೂಪಟಗಳ ಸಹಾಯದಿಂದ ಒಂದು ಪ್ರದೇಶವನ್ನು ಗುರುತಿಸುವುದು, ಸುತ್ತಿಗೆ ಮತ್ತು ದಿಕ್ಸೂಚಿ ಹಿಡಿದು ಬೆಟ್ಟ ಹತ್ತಿ ಶಿಲೆಗಳ ಬಾಗು-ಬಿರುಕುಗಳನ್ನು ದಾಖಲಿಸುವುದು, ಮಣ್ಣು ಮತ್ತು ಹಳ್ಳದ ಮರಳಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ಆಳಕ್ಕೆ ಕೊರೆದು ತೆಗೆದ ಕಲ್ಲಿನ ಕಂಬಿಗಳನ್ನು ಗೇಣು ಗೇಣಾಗಿ ಪರೀಕ್ಷಿಸುವುದು, ಕೊನೆಗೆ ಇಲ್ಲಿ ಇಷ್ಟು ಅದಿರಿದೆ, ಇದನ್ನು ತೆಗೆಯುವುದು ಲಾಭವೋ ನಷ್ಟವೋ ಎಂದು ಲೆಕ್ಕ ಹಾಕುವುದು. ಪ್ರಾಥಮಿಕ ಶೋಧದಿಂದ ಸವಿಸ್ತಾರ ಅನ್ವೇಷಣೆಯವರೆಗೆ ಇದಕ್ಕೆ ನಾಲ್ಕು ಹಂತಗಳಿವೆ. ಅನೇಕ ಸಂದರ್ಭಗಳಲ್ಲಿ ವರ್ಷಗಟ್ಟಲೆ ದುಡಿದ ಬಳಿಕ ‘ಇಲ್ಲಿ ಏನೂ ಇಲ್ಲ’ ಎಂದು ಬರೆಯಬೇಕಾಗುತ್ತದೆ. ಹಾಗೆ ಬರೆಯುವ ಧೈರ್ಯವೂ ಈ ವಿದ್ಯೆಯ ಭಾಗವೇ ಆಗಿದೆ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕರ್ನಾಟಕವು ಗಣಿಯ ಹೆಸರಿನಲ್ಲಿ ಕಂಡ ಅನಾಹುತ ಅಲ್ಪವೇನಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರಲ್ಲಿ ಬಂತು, ಎರಡನೆಯದು 2011ರ ಜುಲೈಯಲ್ಲಿ. ಆ ವರ್ಷಗಳಲ್ಲಿ ಅದಿರು ತುಂಬಿದ ಲಾರಿಗಳು ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿಗೆ ಹಗಲಿರುಳೆನ್ನದೆ ಸಾಗಿದ್ದನ್ನು ಈ ಭಾಗದ ಜನರು ಕಣ್ಣಾರೆ ಕಂಡಿದ್ದಾರೆ. 2010ರಲ್ಲಿ ಅಧಿಕಾರಿಗಳು ಆ ಬಂದರಿನಲ್ಲಿ ವಶಪಡಿಸಿಕೊಂಡಿದ್ದ ಲಕ್ಷಾಂತರ ಟನ್ ಅದಿರೇ ಕಣ್ಮರೆಯಾಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ತೀರ್ಪಿನಲ್ಲಿ ಗಂಭೀರ ಅಕ್ರಮ ನಡೆದ ಗುತ್ತಿಗೆಗಳನ್ನು ರದ್ದುಪಡಿಸಿತು.

ಆ ಹಗರಣದ ಬಗ್ಗೆ ಮಾತಾಡುವಾಗ ನಾವು ರಾಜಕಾರಣಿಗಳನ್ನೂ ಗಣಿಧಣಿಗಳನ್ನೂ ಹೆಸರಿಸುತ್ತೇವೆ. ಆದರೆ ಯಾವ ಗಣಿಯೂ ಕಾಗದವಿಲ್ಲದೆ ತೆರೆಯುವುದಿಲ್ಲ. ಗಣಿ ಯೋಜನೆಯನ್ನು ಸಿದ್ಧಪಡಿಸಿ ಸಹಿ ಹಾಕಲು ಗಣಿ ಎಂಜಿನಿಯರಿಂಗ್ ಪದವಿ ಅಥವಾ ಭೂವಿಜ್ಞಾನದ ಸ್ನಾತಕೋತ್ತರ ಪದವಿ, ಜೊತೆಗೆ ಐದು ವರ್ಷಗಳ ಅನುಭವ ಬೇಕೆಂದು ನಿಯಮ ಹೇಳುತ್ತದೆ. ಅಂದರೆ ಒಂದು ಬೆಟ್ಟದ ಅಳಿವು ಉಳಿವು ಎಷ್ಟೋ ಸಲ ಒಬ್ಬ ವಿದ್ಯಾವಂತನ ಸಹಿಯಲ್ಲಿರುತ್ತದೆ. ಆ ಲೇಖನಿ ದೇವಭಯವುಳ್ಳ ಕೈಯಲ್ಲಿರಬೇಕೋ ಬೇಡವೋ? ಭ್ರಷ್ಟಾಚಾರದ ವಿರುದ್ಧ ವೇದಿಕೆಯಲ್ಲಿ ಭಾಷಣ ಮಾಡುವ ನಾವು, ಆ ಲೇಖನಿ ಹಿಡಿಯಬಲ್ಲ ಮಕ್ಕಳನ್ನು ತಯಾರು ಮಾಡದಿದ್ದರೆ ಭಾಷಣಕ್ಕೆ ಏನು ಬೆಲೆ?

ಇಸ್ಲಾಮ್ ಭೂಗರ್ಭದ ಸಂಪತ್ತನ್ನು ಹೇಗೆ ಕಾಣುತ್ತದೆ ಎಂಬುದಕ್ಕೆ ಹದೀಸ್ ಗ್ರಂಥಗಳಲ್ಲಿ ಒಂದು ಪ್ರಸಂಗವಿದೆ. ಅಬ್ಯದ್ ಬಿನ್ ಹಮ್ಮಾಲ್(ರ) ಎಂಬವರು ಯಮನಿನ ಮಾರಿಬ್‌ನಲ್ಲಿದ್ದ ಉಪ್ಪಿನ ಗಣಿಯನ್ನು ತನಗೆ ಬಿಟ್ಟುಕೊಡುವಂತೆ ಪ್ರವಾದಿ ಮುಹಮ್ಮದ್(ಸ)ರನ್ನು ಕೇಳಿಕೊಂಡರು. ಪ್ರವಾದಿವರ್ಯರು(ಸ) ಒಪ್ಪಿದರು. ಆದರೆ ಅದು ಬತ್ತದ ನೀರಿನಂತೆ ಸರ್ವರಿಗೂ ಒದಗುವ ಸಂಪತ್ತು ಎಂದು ಸಭೆಯಲ್ಲಿದ್ದವರೊಬ್ಬರು ಗಮನಕ್ಕೆ ತಂದಾಗ, ಕೊಟ್ಟದ್ದನ್ನು ಹಿಂದಕ್ಕೆ ಪಡೆದರು. ಹದಿನಾಲ್ಕು ಶತಮಾನಗಳ ಹಿಂದಿನ ಈ ನಿರ್ಧಾರ, ಸಾರ್ವಜನಿಕ ಸಂಪತ್ತು ಕೆಲವರ ಕಿಸೆ ಸೇರಬಾರದೆಂಬ ಇಂದಿನ ಹೋರಾಟಕ್ಕೆ ಎಂತಹ ದಾರಿದೀಪ! ಇಲ್ಲಿ ಇನ್ನೊಂದು ಪಾಠವೂ ಇದೆ. ವಿಷಯ ಬಲ್ಲ ಒಬ್ಬರು ಆ ಸಭೆಯಲ್ಲಿದ್ದುದರಿಂದ ನಿರ್ಧಾರ ಬದಲಾಯಿತು. ಬಲ್ಲವರು ಇಲ್ಲದ ಸಭೆಯಲ್ಲಿ ಅದನ್ನು ಹೇಳುವವರು ಯಾರು?

ಪವಿತ್ರ ಕುರ್‌ಆನಿನ ಫಾತಿರ್ ಅಧ್ಯಾಯವು ಬೆಟ್ಟಗಳ ಬಿಳಿ, ಕೆಂಪು ಮತ್ತು ಕಡುಕಪ್ಪು ಪಟ್ಟೆಗಳತ್ತ ನಮ್ಮ ಗಮನ ಸೆಳೆದು, ಅದರ ಬೆನ್ನಲ್ಲೇ ಅಲ್ಲಾಹನನ್ನು ನಿಜವಾಗಿ ಭಯಪಡುವವರು ಜ್ಞಾನವುಳ್ಳವರೆಂದು ತಿಳಿಸುತ್ತದೆ. ಬೆಟ್ಟದ ಬಣ್ಣಕ್ಕೂ ಜ್ಞಾನಕ್ಕೂ ಅಲ್ಲಿರುವ ಸಂಬಂಧವನ್ನು ನಮ್ಮ ಪೂರ್ವಿಕರು ಅರಿತಿದ್ದರು. ಪರ್ವತಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಇಬ್ನ್ ಸೀನಾ ತಮ್ಮ ‘ಶಿಫಾ’ ಗ್ರಂಥದಲ್ಲಿ ಚರ್ಚಿಸಿದರು. ಅದರ ಲ್ಯಾಟಿನ್ ಅನುವಾದವನ್ನು ಯುರೋಪಿನವರು ಬಹುಕಾಲ ಅರಿಸ್ಟಾಟಲನದೆಂದೇ ಭಾವಿಸಿದ್ದರು. ಅಲ್‌ಬಿರೂನಿಯವರು ಲೋಹ ಮತ್ತು ರತ್ನಗಳ ಸಾಂದ್ರತೆಯನ್ನು ಅಳೆದರು. ಉತ್ತರ ಭಾರತದ ಬಯಲು ನದಿಗಳು ತಂದ ಹೂಳಿನಿಂದ ತುಂಬಿದ ಪ್ರಾಚೀನ ಸಮುದ್ರವೆಂದು ಊಹಿಸಿದರು. ಈ ಹೆಸರುಗಳನ್ನು ಸಮಾರಂಭಗಳಲ್ಲಿ ಹೆಮ್ಮೆಯಿಂದ ಉಚ್ಚರಿಸುವ ನಾವು, ಅವರು ಮಾಡಿದ ಕೆಲಸವನ್ನು ಮುಂದುವರಿಸುವ ಹೊಣೆಯನ್ನು ಮಾತ್ರ ಇತರರಿಗೆ ಬಿಟ್ಟುಕೊಟ್ಟಿದ್ದೇವೆ.

ಸ್ಥಿತಿ ಎಷ್ಟು ಶೋಚನೀಯವೆಂಬುದಕ್ಕೆ 2006ರ ಸಾಚಾರ್ ವರದಿ ಸಾಕ್ಷಿ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮುಸ್ಲಿಮನಿದ್ದರೆ, ಸ್ನಾತಕೋತ್ತರ ತರಗತಿಯಲ್ಲಿ 50ರಲ್ಲಿ ಒಬ್ಬ ಮಾತ್ರ ಎಂದು ಅದು ಹೇಳಿತು. ಪದವಿಯವರೆಗೆ ಹೇಗೋ ತಲುಪಿದವರೂ ಮುಂದಿನ ಎರಡು ವರ್ಷಗಳ ಹೊಸ್ತಿಲಲ್ಲಿ ನಿಂತುಬಿಡುತ್ತಾರೆ. ಹಿರಿಮಗನಾದರೆ ಗಲ್ಫಿನ ವೀಸಾ, ಮಗಳಾದರೆ ಮದುವೆ. ಸ್ವಲ್ಪ ಅನುಕೂಲವುಳ್ಳವರು ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಸೀಟಿಗಾಗಿ ಹೊಲ ಮಾರುತ್ತಾರೆ. ಅದು ಸಿಗದಿದ್ದರೆ ವಿದ್ಯೆಯೇ ಮುಗಿಯಿತೆಂದು ಕೈಚೆಲ್ಲುತ್ತಾರೆ. ಇವೆರಡರ ನಡುವೆ ಇರುವ ನೂರು ದಾರಿಗಳನ್ನು ತೋರಿಸುವವರು ಊರಿನಲ್ಲಿಲ್ಲ.

ದಾರಿಯಾದರೂ ದೂರದ್ದೇ? ಅಳ್ನಾವರದಿಂದ ಧಾರವಾಡಕ್ಕೆ ಇರುವುದು ಸುಮಾರು 35 ಕಿ.ಮೀ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಲ್ಲಿ ಭೂವಿಜ್ಞಾನವನ್ನು ಪದವಿ ವಿಷಯವಾಗಿ ಓದುವ ಅವಕಾಶವಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದರ ಸ್ನಾತಕೋತ್ತರ ವಿಭಾಗವಿದೆ. ಹೆತ್ತವರು ಗಮನಿಸಬೇಕಾದ ಸಂಗತಿ ಒಂದಿದೆ: ಪದವಿಯಲ್ಲಿ ಭೂವಿಜ್ಞಾನ ಓದದವರಿಗೆ ಸ್ನಾತಕೋತ್ತರದ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಆದ್ದರಿಂದ ನಿರ್ಧಾರವನ್ನು ಪಿಯುಸಿ ಮುಗಿದಾಗಲೇ ಮಾಡಬೇಕು. ಇನ್ನೂ ಮುಂದೆ ಹೋಗಬಯಸುವವರಿಗೆ ಜ್ಯಾಮ್ ಪರೀಕ್ಷೆಯ ಮೂಲಕ ಐಐಟಿಗಳಿವೆ, ಗೇಟ್ ಪರೀಕ್ಷೆಯ ಮೂಲಕ 1926ರಲ್ಲಿ ಸ್ಥಾಪನೆಯಾದ ಧನ್‌ಬಾದಿನ ಗಣಿಶಾಲೆ ಇದೆ. ಅದು 2016ರಲ್ಲಿ ಐಐಟಿಯಾಯಿತು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದಲ್ಲಿಯೂ ಭೂವಿಜ್ಞಾನ ವಿಭಾಗವಿದೆ.

ಉದ್ಯೋಗವೆಲ್ಲಿ ಎಂದು ಕೇಳುವುದು ನ್ಯಾಯವೇ. ಕೇಂದ್ರ ಲೋಕಸೇವಾ ಆಯೋಗವು ಪ್ರತಿವರ್ಷ ಭೂವಿಜ್ಞಾನಿಗಳಿಗಾಗಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಸ್ನಾತಕೋತ್ತರ ಪದವಿ ಅದಕ್ಕೆ ಕನಿಷ್ಠ ಅರ್ಹತೆ. ಅದರಲ್ಲಿ ತೇರ್ಗಡೆಯಾದವರು 1851ರಲ್ಲಿ ಸ್ಥಾಪನೆಯಾದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಸೇರುತ್ತಾರೆ. ಇದಲ್ಲದೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಹಟ್ಟಿ ಚಿನ್ನದ ಗಣಿ, ದೋಣಿಮಲೈಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ, ಪರಮಾಣು ಖನಿಜ ನಿರ್ದೇಶನಾಲಯ ಮುಂತಾದವುಗಳಿವೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಮ್ ಇರುವುದನ್ನು ಪತ್ತೆ ಮಾಡಿದ್ದು ಈ ನಿರ್ದೇಶನಾಲಯವೇ. ಬ್ಯಾಟರಿ ವಾಹನಗಳ ಈ ಕಾಲದಲ್ಲಿ ಅಂತಹ ಖನಿಜಗಳ ಹುಡುಕಾಟ ಹೆಚ್ಚುತ್ತಲೇ ಇದೆ. ಹಾಗೆಂದು ಮಕ್ಕಳಿಗೆ ಸುಳ್ಳು ಆಸೆ ತೋರಿಸಬಾರದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಯಲ್ಲಿ ನಿಂತಿತು. ಗಣಿಯ ಅದೃಷ್ಟ ಏರಿಳಿಯುತ್ತದೆ. ಸರ್ಕಾರಿ ಹುದ್ದೆಗಳು ಸೀಮಿತ, ಸ್ಪರ್ಧೆ ಕಠಿಣ. ಆದರೆ ಗಣಿ ಮುಚ್ಚಿದಾಗ ಮೊದಲು ಬೀದಿಗೆ ಬೀಳುವವನು ಕೂಲಿಯಾಳು ಮತ್ತು ಲಾರಿ ಚಾಲಕ. ನೆಲವನ್ನು ಓದಬಲ್ಲವನು ಅಂತರ್ಜಲಕ್ಕೋ, ಸುರಂಗ ಮತ್ತು ಅಣೆಕಟ್ಟಿನ ಕಾಮಗಾರಿಗೋ, ಬೋಧನೆಗೋ ಹೊರಳಬಲ್ಲನು.

ಅಂತರ್ಜಲದ ಮಾತು ಬಂದಾಗ ಒಂದು ಕಹಿಸತ್ಯವನ್ನೂ ಹೇಳಬೇಕು. ಇಂದಿಗೂ ಕೊಳವೆಬಾವಿ ಕೊರೆಸುವ ಮುನ್ನ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು, ಬೇವಿನ ಕವಲುಕೋಲು ಹಿಡಿದು ನೀರು ತೋರಿಸುವವರನ್ನು ಕರೆಸುವ ಮನೆಗಳು ನಮ್ಮಲ್ಲಿವೆ. ಕೆಲವರು ತಾಯಿತ ಕಟ್ಟುವವರ ಬಳಿಗೂ ಹೋಗುತ್ತಾರೆ. ಗುಪ್ತ ಸಂಗತಿಗಳ ಜ್ಞಾನ ಅಲ್ಲಾಹನಿಗೆ ಮಾತ್ರವೆಂದು ನಂಬುವವರ ಮನೆಯಲ್ಲಿ ಇದೆಂತಹ ವಿರೋಧಾಭಾಸ! ಸಾಲ ಮಾಡಿ ತಂದ ಹಣ ಒಣಕುಳಿಯಲ್ಲಿ ಮುಳುಗಿದ ಮೇಲೆ ವಿಧಿಯನ್ನು ಹಳಿಯುತ್ತೇವೆ. ಅಲ್ಲಾಹನು ಕೊಟ್ಟ ಬುದ್ಧಿಯನ್ನು ಬಳಸಿ ಶಿಲೆಯ ಬಿರುಕನ್ನೂ ವಿದ್ಯುತ್ ನಿರೋಧವನ್ನೂ ಪರೀಕ್ಷಿಸುವ ಒಬ್ಬ ಭೂವಿಜ್ಞಾನಿ ತಾಲೂಕಿಗೊಬ್ಬರಂತೆ ನಮ್ಮಲ್ಲಿದ್ದರೆ ಈ ಮೌಢ್ಯಕ್ಕೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಹೆಣ್ಣುಮಕ್ಕಳಿಗೆ ಇದು ತಕ್ಕ ವಿದ್ಯೆಯಲ್ಲವೆಂಬ ವಾದವನ್ನೂ ಪರಿಶೀಲಿಸೋಣ. ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ 1983ರಲ್ಲಿಯೇ ಅಂಟಾರ್ಕ್ಟಿಕದ ನೆಲ ಮುಟ್ಟಿದವರು. ಭೂಗತ ಗಣಿಗಳಲ್ಲಿ ಮಹಿಳೆಯರು ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿ ದುಡಿಯಲು ಕೇಂದ್ರ ಸರ್ಕಾರ 2019ರಲ್ಲಿ ಅನುಮತಿ ನೀಡಿತು. ಕ್ಷೇತ್ರಕಾರ್ಯದ ಕುರಿತು ಹೆತ್ತವರಿಗೆ ಇರುವ ಆತಂಕ ಅರ್ಥವಾಗುವಂಥದ್ದೇ. ವಿಭಾಗದ ಅಧ್ಯಾಪಕರನ್ನು ಭೇಟಿಯಾಗಿ, ಶಿಬಿರದ ವ್ಯವಸ್ಥೆಯನ್ನು ಕೇಳಿ ತಿಳಿದುಕೊಳ್ಳಲಿ. ಸೂಕ್ಷ್ಮದರ್ಶಕದಡಿ ಶಿಲೆಯನ್ನು ಪರೀಕ್ಷಿಸುವ, ಉಪಗ್ರಹ ಚಿತ್ರವನ್ನು ವಿಶ್ಲೇಷಿಸುವ ಕೆಲಸಗಳು ಪ್ರಯೋಗಾಲಯದೊಳಗೇ ನಡೆಯುತ್ತವೆ. ಆತಂಕಕ್ಕೆ ಪರಿಹಾರ ಹುಡುಕುವುದು ಬುದ್ಧಿವಂತಿಕೆ. ಆತಂಕವನ್ನೇ ನೆಪವಾಗಿಸಿ ಮಗಳ ಓದನ್ನು ನಿಲ್ಲಿಸುವುದು ಅನ್ಯಾಯ.

ಸರ್ಕಾರದ ಹೊಣೆಯನ್ನೂ ಮರೆಯುವಂತಿಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರವು 2022ರಲ್ಲಿ ನಿಲ್ಲಿಸಿತು. ಸ್ನಾತಕೋತ್ತರ ಮುಗಿಸಿ ಮುಂದೆ ಹೋಗಬಯಸುವ ಬಡವರ ಮಕ್ಕಳಿಗೆ ಇದು ಬಿದ್ದ ದೊಡ್ಡ ಪೆಟ್ಟು. ಅದನ್ನು ಪ್ರತಿಭಟಿಸುವುದು ನಮ್ಮ ಹಕ್ಕು. ಆದರೆ ಪ್ರತಿಭಟನೆಯ ಫಲಕ್ಕಾಗಿ ಒಂದು ಪೀಳಿಗೆ ಕಾದು ಕುಳಿತಿರಲಾರದು. ಶಾದಿಮಹಲಿನ ಒಂದು ರಾತ್ರಿಯ ಖರ್ಚಿನಲ್ಲಿ ಒಬ್ಬ ವಿದ್ಯಾರ್ಥಿಯ ಎರಡು ವರ್ಷಗಳ ಶುಲ್ಕ, ಹಾಸ್ಟೆಲ್ಲು ಮತ್ತು ಪುಸ್ತಕಗಳ ವೆಚ್ಚ ಭರಿಸಲು ಸಾಧ್ಯವಿರುವ ಊರುಗಳು ಎಷ್ಟಿಲ್ಲ? ಮಸೀದಿ ಜಮಾಅತ್‌ಗಳೂ ಅಂಜುಮನ್ ಸಂಸ್ಥೆಗಳೂ ಪ್ರತಿವರ್ಷ ಪಿಯುಸಿ ಫಲಿತಾಂಶದ ವಾರದಲ್ಲಿ ಒಂದು ಮಾರ್ಗದರ್ಶನ ಸಭೆ ಕರೆಯಲಿ. ಇಂತಹ ಅಪರಿಚಿತ ವಿಷಯಗಳನ್ನು ಓದುವ ಅರ್ಹ ಬಡ ವಿದ್ಯಾರ್ಥಿಗಾಗಿ ಝಕಾತ್ ನಿಧಿಯಲ್ಲಿ ಒಂದು ಪಾಲು ತೆಗೆದಿಡಲಿ. ಶುಕ್ರವಾರದ ಖುತ್ಬಾದಲ್ಲಿ ಫಾತಿರ್ ಅಧ್ಯಾಯದ ಆ ವಚನಗಳನ್ನು ಖತೀಬರು ವಿವರಿಸಲಿ.

ಕಪ್ಪತಗುಡ್ಡದ ರಕ್ಷಣೆಗಾಗಿ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಜನರೊಂದಿಗೆ ಬೀದಿಗಿಳಿದರು. 2019ರಲ್ಲಿ ಅದು ವನ್ಯಜೀವಿ ಧಾಮವೆಂದು ಘೋಷಿತವಾಯಿತು. ನಾಡಿನ ನೆಲ-ಜಲಗಳ ಪ್ರಶ್ನೆ ಸಕಲ ಸಮುದಾಯಗಳದ್ದೂ ಹೌದು. ಅಂತಹ ಹೋರಾಟದಲ್ಲಿ ಘೋಷಣೆ ಕೂಗುವ ಕಂಠಗಳ ಜೊತೆಗೆ, ನಕಾಶೆ ಬಿಚ್ಚಿ ಇಲ್ಲಿ ಅಗೆದರೆ ಕೆಳಗಿನ ಊರಿನ ಬಾವಿ ಬತ್ತುತ್ತದೆ ಎಂದು ಲೆಕ್ಕ ಕೊಟ್ಟು ಹೇಳಬಲ್ಲವರೂ ಬೇಕು. ಮುಂದಿನ ವರ್ಷ ಪಿಯುಸಿ ಮುಗಿಸುವ ಮಗನನ್ನೋ ಮಗಳನ್ನೋ ಈ ಬೇಸಿಗೆಯಲ್ಲೇ ಒಮ್ಮೆ ಧಾರವಾಡದ ಆ ವಿಭಾಗಕ್ಕೆ ಕರೆದೊಯ್ದು, ಅಲ್ಲಿನ ಕಲ್ಲುಗಳನ್ನು ತೋರಿಸಿ ತನ್ನಿ. ಉಳಿದುದನ್ನು ಮಗುವೇ ಕೇಳುತ್ತದೆ.